ಬಿಟ್ಟ ಬಿಳುಪು

"ನಿನ್ನ ಚಿತ್ರಕ್ಕೆ ಇನ್ನು ಯಾವತ್ತೂ ಕೈ ಹಾಕಲ್ಲ. ನೀನೇ ಬಂದು ಕೇಳಿದ್ರೂ ಹಾಕಲ್ಲ," ಎಂದು ಅವಳು ಮಗಳಿಗೆ ಮಾತು ಕೊಟ್ಟು ಏಳು ವರ್ಷವಾಗಿತ್ತು. ಆಗ ಮಗಳಿಗೆ ಹತ್ತು. ಅಡುಗೆಮನೆಯ ಕಟ್ಟೆಗೆ ಒರಗಿ, ಪಾತ್ರೆ ತೊಳೆದ ಕೈಯನ್ನು ಟವೆಲಿಗೆ ಒರೆಸಿಕೊಳ್ಳುತ್ತ ಕೊಟ್ಟ ಮಾತು. ಬೆರಳ ಸಂದಿಯಲ್ಲಿ ಇನ್ನೂ ಸೋಪಿನ ನೊರೆ ಇತ್ತು. ಎರಡನೆಯ ವಾಕ್ಯ ಬೇಕಿರಲಿಲ್ಲವೆಂದು ಆಮೇಲೆ ಎಷ್ಟೋ ಸಲ ಅನಿಸಿದೆ. ಮೊದಲನೆಯದೇ ಸಾಕಿತ್ತು. ಮಗಳು ಅಷ್ಟು ಬೇಕೆಂದು ಕೇಳಿರಲಿಲ್ಲ. "ಹೂಂ" ಎಂದಷ್ಟೇ ಹೇಳಿ, ಶಾಲೆಯ ಚೀಲವನ್ನು ಎಳೆದುಕೊಂಡು ಒಳಗೆ ಹೋಗಿದ್ದಳು. ಕೊಟ್ಟದ್ದು ಜಾಸ್ತಿಯಾಯಿತು ಎಂದು ವಾಪಸು ಕೇಳುವಂತಿಲ್ಲ. ಏಳು ವರ್ಷ ಅದನ್ನು ಹಾಗೇ ಹೊತ್ತುಕೊಂಡು ಬಂದಳು.

ಈಗ ಭಾನುವಾರ, ಹನ್ನೊಂದೂವರೆ. ಗ್ರಂಥಾಲಯದ ಮೇಲಿನ ಹಾಲಿನಲ್ಲಿ, ಚಿತ್ರಕಲೆಯ ತರಗತಿಗೆ, ಇವತ್ತು ಮೂರೇ ಮೂರು ಜನ ಕೂತಿದ್ದರು: ಕಿಟಕಿಯ ಪಕ್ಕದ ಮೇಜಿನಲ್ಲಿ ಮಗಳು, ಅವಳ ಬೆನ್ನ ಹಿಂದಿನ ಮೇಜಿನಲ್ಲಿ ತಾನು, ಬಾಗಿಲ ಬಳಿ ನಿವೃತ್ತ ಬಸ್ ಡ್ರೈವರು. ಮೇಷ್ಟ್ರು ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ಓಡಾಡುತ್ತಿದ್ದರು. ಅವರು ಶಿಷ್ಯರ ಕಾಗದವನ್ನು ಎಂದೂ ಮುಟ್ಟುವವರಲ್ಲ. ಏನಾದರೂ ತೋರಿಸಬೇಕಿದ್ದರೆ ಜೇಬಿನಿಂದ ಒಂದು ಚೂರು ಕಾಗದ ತೆಗೆದು ಅದರ ಮೇಲೆ ತೋರಿಸಿ, ಆ ಚೂರನ್ನೂ ಮಡಚಿ ಜೇಬಿಗೇ ಹಾಕಿಕೊಳ್ಳುತ್ತಿದ್ದರು. ಮೊದಲ ದಿನವೇ ಎಲ್ಲರ ಬಣ್ಣದ ಪೆಟ್ಟಿಗೆಯಿಂದ ಬಿಳಿಯ ಟ್ಯೂಬನ್ನು ಕಿತ್ತು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಹಾಕಿ ಬೀರುವಿನ ಮೇಲಿಟ್ಟಿದ್ದರು. ನೀರು ಬೆಳ್ಳಗೆ ಕಾಣಬೇಕೆ, ಕಾಗದವನ್ನು ಹಾಗೇ ಬಿಡಿ. ಸುತ್ತಲಿನ ಬಂಡೆಯನ್ನು ಬಿಡಿಸಿ, ಬಿಟ್ಟದ್ದೇ ಜಲಪಾತವಾಗುತ್ತದೆ, ಎನ್ನುತ್ತಿದ್ದರು. ಕೇಳುವುದಕ್ಕೆ ಎಷ್ಟು ಸುಲಭ! ಬಿಡುವುದೆಂದರೆ ಎಷ್ಟು ಕಷ್ಟವೆಂದು ಒಂದು ವರ್ಷದಿಂದ ಪ್ರತಿ ಭಾನುವಾರ ಅವಳ ಬೆರಳಿಗೆ ಗೊತ್ತಾಗುತ್ತಿತ್ತು.

ಮಗಳ ಮುಂದೆ ಇದ್ದದ್ದು ಹನ್ನೆರಡನೆಯ ಹಾಳೆ. ಚಿತ್ರಕಲೆಯ ಕಾಲೇಜಿಗೆ ಅರ್ಜಿ ಹಾಕಲು ಹನ್ನೆರಡು ಚಿತ್ರ ಬೇಕು. ನಾಳೆಯೇ ಕಡೆಯ ದಿನ. ಪ್ರತಿ ಚಿತ್ರದ ಹಿಂದೆ 'ಅಭ್ಯರ್ಥಿಯೇ ಸ್ವಂತ ಕೈಯಿಂದ ಬಿಡಿಸಿದ್ದು' ಎಂದು ಮೇಷ್ಟ್ರು ಬರೆದು ಸಹಿ ಮಾಡಬೇಕು, ಅದರ ಮೇಲೆ ಕೆಳಗಿನ ಆಫೀಸಿನ ಸೀಲು ಬೀಳಬೇಕು. ಆಫೀಸಿನ ಗುಮಾಸ್ತ ಭಾನುವಾರ ಹನ್ನೆರಡಕ್ಕೆ ಬಾಗಿಲು ಹಾಕುತ್ತಾನೆ. ಹನ್ನೊಂದು ಚಿತ್ರ ಆಗಿವೆ. ಜಲಪಾತ ಮಾತ್ರ ಮೂರು ಸಲ ಕೆಟ್ಟಿತು. ದಪ್ಪ ಕಾಗದದಲ್ಲಿ ಉಳಿದಿದ್ದದ್ದು ಈ ಒಂದೇ ಹಾಳೆ. ಹಲಗೆಗೆ ಟೇಪಿನಿಂದ ಅಂಟಿಸಿ, ಹಲಗೆಯ ಮೇಲ್ತುದಿಗೆ ಒಂದು ಇಟ್ಟಿಗೆ ಕೊಟ್ಟು, ಓರೆಯಾಗಿಟ್ಟುಕೊಂಡು ಮಗಳು ಬೆಳಗ್ಗೆ ಒಂಬತ್ತರಿಂದ ಕೂತಿದ್ದಳು. ಕೆಳಗಿನ ಬಂಡೆಗಳೆಲ್ಲ ಮುಗಿದಿದ್ದವು. ಹಸಿ ಬಣ್ಣದ ಮೇಲೆ ಹಳೆಯ ಬಸ್ ಪಾಸಿನ ಅಂಚಿನಿಂದ ಕೆರೆದು ಕಲ್ಲಿನ ಮುಖಗಳನ್ನು ತೆಗೆದಿದ್ದಳು. ಒಂದೊಂದು ಕೆರೆತವೂ ಬಿಸಿಲು ಬಿದ್ದ ಕಲ್ಲಿನ ಹಾಗೆ ಎದ್ದು ನಿಂತಿತ್ತು. ನಡುವೆ ಮೇಲಿಂದ ಕೆಳಗಿನವರೆಗೆ ಮುಟ್ಟದೆ ಬಿಟ್ಟ ಕಾಗದ. ಅದು ನೀರಾಗಿ ಬೀಳುತ್ತಿತ್ತು. ಹಿಂದಿನ ಮೇಜಿನಿಂದ ಅವಳು ಕಣ್ಣು ಮಿಟುಕಿಸಿ ನೋಡಿದಳು. ಹೌದು, ಬೀಳುತ್ತಲೇ ಇತ್ತು.

"ತಂಗೀ, ನಂದು ಸ್ವಲ್ಪ ನೋಡಿ," ಎಂದು ಡ್ರೈವರು ಹಲಗೆ ಎತ್ತಿ ತೋರಿಸಿದರು. "ನೀರು ಬೀಳ್ತಾ ಇದ್ಯಾ, ಬೆಡ್‌ಶೀಟ್ ಒಗೆದು ಹಾಕಿದ ಹಾಗಿದ್ಯಾ?"

"ಬೆಡ್‌ಶೀಟೇ," ಎಂದಳು ಮಗಳು ತಿರುಗದೆ.

"ನೀನು ನೋಡದೇ ಹೇಳ್ತೀಯಲ್ಲ ಮರಿ!"

"ಹೋದ ವಾರಾನೂ ಅದೇ ಆಗಿತ್ತಲ್ಲ ತಾತ."

"ಈ ವಾರ ಹಿಂಡಿ ಹಾಕಿದೀನಿ," ಎಂದು ಅವರು ತಾವೇ ನಕ್ಕರು. "ಮೂವತ್ತು ವರ್ಷ ಇಂಥ ಒಂದು ಜಲಪಾತದ ಪಕ್ಕದಲ್ಲೇ ಬಸ್ ಓಡಿಸ್ದೆ ಕಣಮ್ಮಾ. ಜನ ಎಲ್ಲ ಆ ಕಡೆ ಕಿಟಕಿಗೆ ಬೀಳೋರು, ಬಸ್ಸೇ ವಾಲೋದು. ನಾನು ಒಂದು ದಿನಾನೂ ತಿರುಗಿ ನೋಡಲಿಲ್ಲ. ನೋಡಿದ್ರೆ ಎಲ್ರೂ ಕೆಳಗೇ!"

ಮೇಷ್ಟ್ರು ಹಿಂದಿನ ಮೇಜಿಗೆ, ಅವಳ ಹತ್ತಿರ, ಬಂದು ನಿಂತರು. ಅವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಏನೂ ಹೇಳದೆ ಮುಂದೆ ಹೋದರು. ಹೇಳಿದ್ದರೆ ಇದಕ್ಕಿಂತ ವಾಸಿ. ಎರಡು ವಾರದ ಹಿಂದೆ ಹೇಳಿದ್ದರಲ್ಲ: "ನಿಮ್ಮ ಕೈ ಬಹಳ ಶುದ್ಧ. ಆದ್ರೆ ನೀರು ಗಟ್ಟಿಯಾಗಿದೆ. ಕಚ್ಚೋ ಹಾಗಿದೆ." ಹಾಲಿನಲ್ಲಿ ಎಲ್ಲರೂ ನಕ್ಕರು. ಅವಳು ಹಲ್ಲು ಕಟ್ಟುವ ಲ್ಯಾಬಿನಲ್ಲಿ ಕೆಲಸ ಮಾಡುವವಳೆಂದು ಎಲ್ಲರಿಗೂ ಗೊತ್ತಿತ್ತು. ಮೇಷ್ಟ್ರು ಬೇಕೆಂದು ಹೇಳಿದ್ದಲ್ಲ, ಬಾಯಿಗೆ ಬಂದದ್ದು. ಮಗಳೂ ನಕ್ಕಳು. ಅವಳೂ ನಕ್ಕಳು, ಎಲ್ಲರಿಗಿಂತ ಒಂದು ಕ್ಷಣ ಹೆಚ್ಚೇ ನಕ್ಕಳು. ಅದೇ ದಿನ ಮಗಳ ಚಿತ್ರವೊಂದನ್ನು ಮೇಷ್ಟ್ರು ಗೋಡೆಗೆ ತೂಗುಹಾಕಿಸಿದರು. ದಾರಿಯಲ್ಲಿ ಮಗಳು, "ಬೇಜಾರಾಯ್ತಾ ಅಮ್ಮಾ?" ಎಂದು ಕೇಳಿದಾಗ, "ಹುಚ್ಚಿ, ಯಾಕೆ ಬೇಜಾರು?" ಎಂದಿದ್ದಳು.

ಹದಿನೆಂಟು ವರ್ಷದಿಂದ ಅವಳು ದಿನಕ್ಕೆ ಎಂಟು ಗಂಟೆ ಬಿಳುಪನ್ನೇ ನೋಡುತ್ತ ಬಂದವಳು. ಲ್ಯಾಬಿನ ಗೋಡೆಯ ಮೇಲೆ ಬಿಳುಪಿನ ಹದಿನಾರು ಮಾದರಿಗಳ ಪಟ್ಟಿ ಇದೆ. ಡಾಕ್ಟರು ಚೀಟಿಯಲ್ಲಿ ಬರೆದ ನಂಬರು ನೋಡಿ, ಪಿಂಗಾಣಿಯ ಪುಡಿಯನ್ನು ನೀರಲ್ಲಿ ಕಲಸಿ, ಕೂದಲೆಳೆಯಂಥ ಕುಂಚದಿಂದ ಪದರ ಪದರವಾಗಿ ಹಲ್ಲು ಕಟ್ಟಬೇಕು. ಬುಡದಲ್ಲಿ ಚೂರು ಹಳದಿ, ತುದಿಯಲ್ಲಿ ಇದ್ದೂ ಇಲ್ಲದ ಹಾಗೆ ಬೂದು. ಪೂರ್ತಿ ಬೆಳ್ಳಗಿನ ಹಲ್ಲು ಯಾರ ಬಾಯಲ್ಲೂ ಇಲ್ಲ. ಕಟ್ಟಿದರೆ ನೋಡಿದ ಕೂಡಲೇ ಸುಳ್ಳೆಂದು ಗೊತ್ತಾಗುತ್ತದೆ. ಬೇರೆಯವರು ಅರ್ಧಕ್ಕೆ ಕೆಡಿಸಿದ್ದೂ ಅವಳ ಮೇಜಿಗೇ ಬರುತ್ತಿತ್ತು. "ಸ್ವಲ್ಪ ಕೈ ಆಡ್ಸಮ್ಮಾ," ಎಂದು ಯಜಮಾನ ಇಟ್ಟು ಹೋಗುವನು. ಅವಳು ಕೈ ಆಡಿಸಿದರೆ ಸರಿಹೋಗುತ್ತಿತ್ತು. ಆ ಹಲ್ಲುಗಳು ಯಾರದೋ ಬಾಯಲ್ಲಿ ನಗುತ್ತವೆ, ಅಗಿಯುತ್ತವೆ, ಅವಳ ಹೆಸರು ಎಲ್ಲೂ ಇರುವುದಿಲ್ಲ. ಇರಬೇಕೆಂದೂ ಅನಿಸಿರಲಿಲ್ಲ. ಹಾಗೆ ಕೈ ಆಡಿಸುವ ಅಭ್ಯಾಸದಲ್ಲೇ ಅಲ್ಲವೆ ಏಳು ವರ್ಷದ ಹಿಂದೆ ಮಗಳು ಸ್ನಾನಕ್ಕೆ ಹೋಗಿದ್ದಾಗ ಮೇಜಿನ ಮೇಲೆ ಒಣಗಲು ಇಟ್ಟಿದ್ದ ಗುಡ್ಡದ ಚಿತ್ರಕ್ಕೆ, ಒಂದು ಕಲ್ಲಿನ ಬುಡಕ್ಕೆ, ನಾಲ್ಕೇ ನಾಲ್ಕು ಗೆರೆ ನೆರಳು ಕೊಟ್ಟದ್ದು? ನಾಲ್ಕು ಗೆರೆಗೆ ಕಲ್ಲು ನೆಲಕ್ಕೆ ಕೂತಿತ್ತು. ಅವಳಿಗೆ ಎಷ್ಟು ಹಿತವಾಗಿತ್ತೆಂದರೆ, ಸ್ಟವ್ ಮೇಲೆ ಇಟ್ಟ ಹಾಲು ಉಕ್ಕಿದ್ದೂ ಗೊತ್ತಾಗಿರಲಿಲ್ಲ. ಚಿತ್ರಕ್ಕೆ ಶಾಲೆಯಲ್ಲಿ ಮೊದಲ ಬಹುಮಾನ ಬಂತು. ವೇದಿಕೆಯ ಮೇಲೆ ತೀರ್ಪುಗಾರರು ಮೈಕು ಹಿಡಿದು ಬಗ್ಗಿ, "ಈ ಕಲ್ಲಿನ ನೆರಳು ಹೇಗೆ ಮಾಡ್ದೆ ಪುಟ್ಟೀ? ನಮಗೂ ಹೇಳಿಕೊಡು" ಎಂದರು. ಮಗು ತನ್ನದೇ ಚಿತ್ರವನ್ನು ಬೇರೆಯವರ ಮನೆಯ ಬಾಗಿಲಿನ ಹಾಗೆ ನೋಡಿತು. ಮೈಕಿನಲ್ಲಿ ಅದರ ಉಸಿರು ಕೇಳುತ್ತಿತ್ತು. ಇಡೀ ಸಭೆ ಆ ಉಸಿರನ್ನು ಕೇಳಿತು. ಕೊನೆಗೆ "ಗೊತ್ತಿಲ್ಲ" ಎಂದಿತು. ಎಲ್ಲರೂ ಮುದ್ದಿನಿಂದ ನಕ್ಕರು. ಮೂರನೆಯ ಸಾಲಿನಲ್ಲಿ ಕೂತಿದ್ದ ಅವಳ ಎರಡೂ ಕಿವಿ ಬೆಂಕಿಯಾಗಿದ್ದವು. ಮನೆಗೆ ಬಂದ ಮೇಲೆ ಮಗು ಅಳಲಿಲ್ಲ, ಕೂಗಾಡಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅದು ನನ್ನ ನೆರಳಲ್ಲ" ಎಂದಿತು.

ಹೋದ ವಾರ, ಮಾತು ಮುರಿಯದೆ ಸಹಾಯ ಮಾಡುವ ಒಂದು ದಾರಿ ಸಿಕ್ಕಿತೆಂದು ಲ್ಯಾಬಿನಿಂದ ಒಂದು ತುಂಡು ಮೇಣ ತಂದಿದ್ದಳು. ಬಿಳುಪು ಉಳಿಯಬೇಕಾದ ಕಡೆ ಮೇಣ ಉಜ್ಜಿದರೆ ಸಾಕು, ಮೇಲೆ ಎಷ್ಟೇ ಬಣ್ಣ ಹರಿದರೂ ಕಾಗದಕ್ಕೆ ಹತ್ತುವುದಿಲ್ಲ. ತಾನು ಮನೆಯಲ್ಲಿ ಮಾಡಿ ನೋಡಿದ್ದಳು. ಮಗಳು ಆ ತುಂಡನ್ನು ಬೆರಳಲ್ಲಿ ತಿರುಗಿಸಿ ನೋಡಿ ವಾಪಸು ಕೊಟ್ಟಳು. "ಬೇಡಮ್ಮಾ. ಕೆಡಲ್ಲ ಅಂತ ಗೊತ್ತಿದ್ರೆ ಕೈ ಸೋಮಾರಿಯಾಗತ್ತೆ." ಹದಿನೇಳು ವರ್ಷದವಳ ಮಾತೇ ಇದು! ಎಲ್ಲಿ ಕಲಿತಳು? ತನ್ನಿಂದಂತೂ ಅಲ್ಲ.

ಗಂಟೆ ಹನ್ನೊಂದು ಐವತ್ತು. ಮಗಳು ಜಲಪಾತದ ನೆತ್ತಿಯ ಮೇಲಿನ ದೊಡ್ಡ ಬಂಡೆಗೆ ಕೈ ಹಾಕಿದ್ದಳು. ಕಂದು ಮತ್ತು ನೀಲಿ ಬೆರೆಸಿದ ಕಡುಬೂದು, ಕುಂಚದ ತುಂಬ. ಒಂದೇ ಎಳೆತಕ್ಕೆ ಇಡೀ ಬಂಡೆ ಬಂತು. ಬಂಡೆಯ ಕೆಳ ಅಂಚಿನಲ್ಲಿ, ನೀರು ಧುಮುಕಲು ಶುರುವಾಗುವ ಕಡೆಯೇ, ಬಣ್ಣದ ನೀರು ಇಳಿದು ಬಂದು ಸಾಲಾಗಿ ಮಡುಗಟ್ಟಿತ್ತು. ಅದನ್ನು ಒಣಕುಂಚದ ತುದಿಯಿಂದ ಹೀರಿ ತೆಗೆಯಬೇಕು. ಮಗಳು ಕುಂಚವನ್ನು ಬಟ್ಟೆಗೆ ಒತ್ತಿದಳು. ಅಷ್ಟರಲ್ಲಿ ಕೆಳಗೆ ಶಟರು ಎಳೆಯುವ ಸದ್ದಾಯಿತು.

"ಅಯ್ಯೋ, ಇವನು ಹತ್ತು ನಿಮಿಷ ಮೊದಲೇ ಹೊರಟ!" ಎಂದು ಮೇಷ್ಟ್ರು ಮೆಟ್ಟಿಲ ಕಡೆ ನುಗ್ಗಿದರು. "ಬಾಮ್ಮಾ, ನೀನೂ ಬಾ. ಅರ್ಜಿ ನಿಂದು, ನೀನು ಕೇಳಿದ್ರೆ ನಿಲ್ತಾನೆ. ನಾನು ಒಬ್ನೇ ಹೋದ್ರೆ ನಾಳೆ ಬಾ ಅಂತಾನೆ."

ಮಗಳು ಎದ್ದಳು, ಕೂತಳು, ಮತ್ತೆ ಎದ್ದಳು. ಕುಂಚವನ್ನು ಮೇಜಿನ ಮೇಲೆ ಇಟ್ಟಳು. "ಎರಡೇ ನಿಮಿಷ. ಯಾರೂ ಮುಟ್ಟದ ಹಾಗೆ ನೋಡ್ಕೋ ಅಮ್ಮಾ." ಮೆಟ್ಟಿಲಲ್ಲಿ ಅವಳ ಚಪ್ಪಲಿ ಪಟಪಟನೆ ಇಳಿಯಿತು, ಕೆಳಗಿನಿಂದ "ಸಾರ್, ಸಾರ್, ಒಂದೇ ಒಂದು ನಿಮಿಷ" ಎಂಬ ದನಿ.

ಅವಳು ಎದ್ದು ಮಗಳ ಮೇಜಿನ ಪಕ್ಕಕ್ಕೆ ಬಂದು ನಿಂತಳು. ಬಂಡೆಯ ಅಂಚಿನಲ್ಲಿ ಸಾಲಾಗಿದ್ದ ನೀರು ಈಗ ಒಂದೇ ಕಡೆ, ಎಡಗಡೆಗೆ, ಜಾರಿ ಬಂದು ಹನಿಯಾಗುತ್ತಿತ್ತು. ಹನಿಯ ಮೇಲೆ ಕಿಟಕಿಯ ಬೆಳಕಿನ ಚೌಕ. ಚೌಕದ ಒಳಗೆ ಕಿಟಕಿಯ ಸರಳುಗಳೂ ಕಾಣುತ್ತಿದ್ದವು. ಅದರ ಕೆಳಗೆ ಒಂದು ಕೂದಲಿನಷ್ಟು ಜಾಗ, ಆಮೇಲೆ ಬಿಳುಪು. ಅವಳಿಗೆ ಹನಿಗಳು ಗೊತ್ತು. ಪಿಂಗಾಣಿಯ ಹಸಿ ಹಲ್ಲಿನ ಬುಡದಲ್ಲಿ ಹೀಗೇ ನೀರು ನಿಲ್ಲುತ್ತದೆ. ಟಿಶ್ಯೂವಿನ ಮೂಲೆ ತಾಗಿಸಿದರೆ ಅದೇ ಎದ್ದು ಬರುತ್ತದೆ. ದಿನಕ್ಕೆ ನೂರು ಸಲ ಮಾಡುವ ಕೆಲಸ. ಅವಳ ಬಲಗೈಯ ಹೆಬ್ಬೆರಳು ತೋರುಬೆರಳು ಆಗಲೇ ಒಂದಕ್ಕೊಂದು ಅಂಟಿ, ಇಲ್ಲದ ಟಿಶ್ಯೂವನ್ನು ಹಿಡಿದುಕೊಂಡಿದ್ದವು. ಮಾತು ಕೊಟ್ಟಿದ್ದೇನೆ ಎಂದುಕೊಂಡಳು. ಹಾಗೆ ಅಂದುಕೊಂಡದ್ದೇ ಒಳಗೆ ಎಲ್ಲೋ ತಣ್ಣಗಾಯಿತು, ಮಾತು ಎಂಬುದು ಕೂತುಕೊಳ್ಳಲು ಸಿಕ್ಕ ಕುರ್ಚಿಯೇನೋ ಎಂಬ ಹಾಗೆ. ಹನಿ ಇನ್ನಷ್ಟು ದಪ್ಪಗಾಯಿತು. ಇಟ್ಟಿಗೆ ತೆಗೆದರೆ? ಹಲಗೆಯ ಕೆಳಗಿನ ಇಟ್ಟಿಗೆಯನ್ನು ಮೆಲ್ಲಗೆ ಎಳೆದು ಹಲಗೆ ಮಲಗಿಸಿದರೆ ಹನಿ ಅಲ್ಲೇ ನಿಲ್ಲುತ್ತದೆ. ಇಟ್ಟಿಗೆ ಚಿತ್ರವಲ್ಲ. ಇಟ್ಟಿಗೆಯ ಬಗ್ಗೆ ಅವಳು ಯಾರಿಗೂ ಮಾತು ಕೊಟ್ಟಿರಲಿಲ್ಲ. ಇದು ಸ್ಪಷ್ಟವಾಗಿ, ಒಂದೊಂದು ಪದವೂ ಬಿಡಿಬಿಡಿಯಾಗಿ ತಲೆಯಲ್ಲಿ ಮೂಡಿತು. ಕೈ ಏಳಲಿಲ್ಲ. ಅವಳು ಆ ಬಿಳುಪನ್ನು ನೋಡುತ್ತಿದ್ದಳು. ಒಂದು ವರ್ಷದಲ್ಲಿ ಒಮ್ಮೆಯೂ ತನಗೆ ಬೀಳದ ನೀರು, ಅಲ್ಲಿ ಯಾರ ಹಂಗೂ ಇಲ್ಲದೆ ಬೀಳುತ್ತಿತ್ತು. ಕಚ್ಚುತ್ತಿರಲಿಲ್ಲ. ಇದು ಕೆಟ್ಟರೆ, ಎಂಬ ಯೋಚನೆ ಬಂತು. ಅದರ ಹಿಂದೆ ಬರಬೇಕಾಗಿದ್ದ ಭಯ ಬರಲಿಲ್ಲ. ಬಂದದ್ದು ಬೇರೆ ಏನೋ. ಸಣ್ಣದು, ಬೆಚ್ಚಗಿನದು, ಹೆಸರಿಟ್ಟು ಕರೆಯಲು ಆಗದ್ದು.

"ಏ ತಂಗೀ, ಹರಿಯತ್ತೆ ಅದು!" ಡ್ರೈವರು ಯಾವಾಗ ಎದ್ದು ಬಂದರೋ ಗೊತ್ತಾಗಲಿಲ್ಲ. ಅವರ ಕೈಯಲ್ಲಿ ಟಿಶ್ಯೂ ಇತ್ತು. "ಒತ್ತಿ, ಒತ್ತಿ ಬಿಡಿ. ಇಲ್ಲಾ ನಾನೇ..."

ಅವಳು ಅವರ ಮಣಿಕಟ್ಟು ಹಿಡಿದಳು. ಎಷ್ಟು ಬಿಗಿಯಾಗಿ ಎಂದರೆ, ಅವರ ಕೈಗಡಿಯಾರದ ಪಟ್ಟಿ ಅವಳ ಅಂಗೈಗೆ ಒತ್ತಿ ನೋವಾಯಿತು. "ಮುಟ್ಟಬೇಡಿ. ಯಾರೂ ಮುಟ್ಟಬಾರದು ಅಂತ ಹೇಳಿ ಹೋಗಿದಾಳೆ."

"ಅಲ್ಲಮ್ಮಾ..."

ಹನಿ ಒಡೆಯಿತು. ಮೊದಲು ಏನೂ ಆಗದ ಹಾಗೆ ಕಂಡಿತು. ಆಮೇಲೆ ಕಪ್ಪು ಗೆರೆಯೊಂದು ಬಿಳುಪಿನೊಳಗೆ ನೆಟ್ಟಗೆ ಇಳಿಯತೊಡಗಿತು, ಅವಸರವಿಲ್ಲದೆ, ದಾರಿ ಗೊತ್ತಿದ್ದ ಹಾಗೆ. ಎರಡು ಅಂಗುಲ ಇಳಿದು, ಕಾಗದದ ಉಬ್ಬೊಂದನ್ನು ತಡವಿ, ಅಲ್ಲಿ ಸ್ವಲ್ಪ ಅಗಲವಾಗಿ ನಿಂತಿತು. ಜಲಪಾತ ನಿಂತುಹೋಯಿತು. ಈಗ ಅದು ಬರಿಯ ಕಾಗದ, ಅದರ ಮೇಲೆ ಒಂದು ಕಲೆ.

ಅವಳು ಡ್ರೈವರ ಕೈ ಬಿಟ್ಟಳು. ಅವರು ಮಣಿಕಟ್ಟನ್ನು ಉಜ್ಜಿಕೊಂಡರು. ಬೈಯಲಿಲ್ಲ. ಸುಮ್ಮನೆ ಹಲಗೆಯ ಅಡಿ ನೋಡಿ, ಮೆಲ್ಲಗೆ, "ಇಟ್ಟಿಗೆನಾದ್ರೂ ತೆಗೀಬಹುದಿತ್ತಲ್ಲ ತಂಗೀ," ಎಂದರು.

"ಹೊಳೀಲಿಲ್ಲ," ಎಂದಳು.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಮಗಳು ಏದುಸಿರು ಬಿಡುತ್ತ ಬಂದಳು. "ಹತ್ತು ನಿಮಿಷ ಕಾಯ್ತಾರಂತೆ! ಸೀಲಿನ ಇಂಕೇ ಒಣಗಿ ಹೋಗಿದೆ ಅಮ್ಮಾ, ಅದಕ್ಕೆ ನೀರು ಹಾಕಿ ಕಲಸ್ತಾ ಇದಾರೆ ಇಬ್ರೂ..." ಎಂದು ನಗುತ್ತ ಬಂದವಳು ಮೇಜಿನ ಮುಂದೆ ನಿಂತಳು. ನಗು ಮುಖದ ಮೇಲೆಯೇ ಉಳಿದಿತ್ತು, ತೆಗೆಯಲು ಮರೆತ ಹಾಗೆ. ಅವಳು ಮೊದಲು ಚಿತ್ರವನ್ನಲ್ಲ, ಅಮ್ಮನ ಕೈಗಳನ್ನು ನೋಡಿದಳು. ಕೈಗಳು ಚೊಕ್ಕಟವಾಗಿದ್ದವು.

"ಯಾವಾಗ ಹರೀತು?"

"ಈಗಷ್ಟೇ."

"ನೋಡ್ತಾ ಇದ್ಯಾ?"

"ಹೂಂ."

ಮಗಳು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ಎಷ್ಟು ಹೊತ್ತು ನೋಡಿದೆ, ಯಾಕೆ ನೋಡಿದೆ, ಏನಾದರೂ. ಕೂತು, ಕುಂಚವನ್ನು ಚೊಕ್ಕ ನೀರಲ್ಲಿ ಅದ್ದಿ, ಬಟ್ಟೆಗೆ ಒತ್ತಿ, ಕಲೆಯ ಹತ್ತಿರ ತಂದಳು. ಕುಂಚದ ತುದಿ ನಡುಗುತ್ತಿತ್ತು. ಮೆಟ್ಟಿಲು ಓಡಿ ಹತ್ತಿದ ಕೈ. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ನೋಡಿದಳು, ಎರಡೂ ನಡುಗಿದವು. ಕಾಗದದಿಂದ ಕುಂಚ ದೂರ ಸರಿಸಿದಳು. ಕಲೆಯ ಅಂಚು ಆಗಲೇ ಮಂಕಾಗುತ್ತಿತ್ತು; ಹಸಿ ಇರುವಾಗಲೇ ಎತ್ತಬೇಕು, ಅಂಚು ಕಟ್ಟಿದರೆ ಮುಗಿಯಿತು. ಇದು ಮೂವರಿಗೂ ಗೊತ್ತಿತ್ತು.

"ಅಮ್ಮಾ, ನೀನು ತೆಗಿ."

ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನಿನ್ನ ಕೈಲಿ ಆಗತ್ತೆ. ಒಂದು ನಿಮಿಷದ ಕೆಲಸ ನಿನಗೆ. ಬೇಗ."

"ಮಾತು ಕೊಟ್ಟಿದೀನಿ."

"ನೆನಪಿದೆ. ಈಗ ನಾನೇ ಕೇಳ್ತಿದೀನಲ್ಲ."

"ನೀನೇ ಕೇಳಿದ್ರೂ ಅಂದಿದ್ದೆ."

"ಅದನ್ನ ಅಂದಿದ್ದು ನೀನು. ನಾನು ಅಷ್ಟು ಬೇಕು ಅಂತ ಕೇಳಿರಲಿಲ್ಲ." ಮಗಳ ದನಿ ಒಡೆಯಿತು, ಆದರೆ ಅವಳು ಅಳಲಿಲ್ಲ. ಕುಂಚವನ್ನು, ಹಿಡಿ ಅಮ್ಮನ ಕಡೆಗೆ ಮಾಡಿ, ಚಾಚಿದಳು.

"ಮೇಷ್ಟ್ರು ಹಿಂದೆ ಬರೀತಾರೆ, ನಿನ್ನ ಸ್ವಂತ ಕೈ ಅಂತ."

"ಬರೀಲಿ."

ಡ್ರೈವರು ಸದ್ದಿಲ್ಲದೆ ತಮ್ಮ ಮೇಜಿಗೆ ಹೋಗಿ ಬೆನ್ನು ತಿರುಗಿಸಿ ಕೂತರು. "ನಾನು ಏನೂ ನೋಡಿಲ್ಲಪ್ಪ," ಎಂದರು ಗೋಡೆಗೆ. "ಮೂವತ್ತು ವರ್ಷ ಮುಂದೆ ನೋಡೇ ಅಭ್ಯಾಸ."

ಇಲ್ಲ ಎನ್ನಬಹುದು. ಇಲ್ಲ ಎನ್ನುವುದೇ ಸರಿ, ಎಂದು ಅವಳಿಗೆ ಗೊತ್ತಿತ್ತು. ಮಗಳ ಹೆಸರಿನ ಕೆಳಗೆ ಬೀಳುವ ಸಹಿ ಸುಳ್ಳಾಗಬಾರದು, ನಾಳೆ ಯಾರೋ ಬಗ್ಗಿ ಈ ಜಾಗವನ್ನೇ ತೋರಿಸಿ ಕೇಳಿದರೆ ಮಗಳು ಏನು ಹೇಳಬೇಕು? ಆದರೆ ಆ ಸರಿಯ ಒಳಗೆ ಈಗ ಒಂದು ಇಟ್ಟಿಗೆ ಕೂತಿತ್ತು. ಐದು ನಿಮಿಷದ ಹಿಂದೆ ಮಾತನ್ನು ಉಳಿಸಿಕೊಂಡವಳು ಯಾರು, ಎಂಥವಳು ಎಂದು ಈ ಹಾಲಿನಲ್ಲಿ ಅವಳೊಬ್ಬಳಿಗೇ ಪೂರ್ತಿ ಗೊತ್ತು. ಆ ಹೆಂಗಸಿನ ಜೊತೆ ಸೇರಿಕೊಂಡು ಇನ್ನೊಂದು ಸಲ ಅದೇ ಮಾತನ್ನು ಉಳಿಸುವುದು ಅವಳಿಂದಾಗಲಿಲ್ಲ. ಕಲೆಯ ಮೇಲಿನ ಹೊಳಪು ಮೂಲೆಯಿಂದ ಆರುತ್ತ ಬರುತ್ತಿತ್ತು. ಮಗಳ ಚಾಚಿದ ಕೈ ಇಳಿಯುವಂತೆ ಕಾಣಲಿಲ್ಲ.

ಅವಳು ಕುಂಚ ತೆಗೆದುಕೊಂಡು, ಬಗ್ಗಿ, ಉಸಿರು ಹಿಡಿದಳು. ಕಲೆಯ ಕೆಳತುದಿಯಿಂದ ಶುರುಮಾಡಿದಳು: ಒದ್ದೆ ತಾಗಿಸುವುದು, ಎತ್ತುವುದು, ಬಟ್ಟೆಗೆ ಒತ್ತುವುದು, ಮತ್ತೆ ತಾಗಿಸುವುದು. ಬಣ್ಣ ಕಾಗದ ಬಿಟ್ಟು ಎದ್ದು ಬಂತು. ಪೂರ್ತಿ ಬರಲಿಲ್ಲ, ನೀರಿನ ಹಿಂದೆ ಕಲ್ಲೊಂದು ಇರುವ ಹಾಗೆ ಚೂರು ಬೂದು ಉಳಿಯಿತು. ಅದನ್ನೂ ತೆಗೆಯಬಹುದಿತ್ತು. ಎಲ್ಲಿ ನಿಲ್ಲಿಸಬೇಕೆಂದು ಕೈಗೆ ಗೊತ್ತಿತ್ತು, ನಿಲ್ಲಿಸಿತು. ಮಗಳು ಅಷ್ಟು ಹೊತ್ತೂ ಕಿಟಕಿಯ ಆಚೆ ನೋಡುತ್ತಿದ್ದಳು. "ಆಯ್ತು" ಎಂದ ಮೇಲೆ ತಿರುಗಿ, ಚಿತ್ರವನ್ನು ನೋಡಿ, ಅಮ್ಮನನ್ನು ನೋಡದೆ, ಹಲಗೆ ಎತ್ತಿಕೊಂಡು ಕೆಳಗೆ ಹೋದಳು.

ಹನ್ನೆರಡು ಗಂಟೆ ಎಂಟು ನಿಮಿಷಕ್ಕೆ ಹನ್ನೆರಡನೆಯ ಹಾಳೆಯ ಹಿಂದೆ ಸೀಲು ಬಿತ್ತು. ಏಳು ವರ್ಷದ ಹಿಂದೆ ಕೊಟ್ಟ ಮಾತನ್ನು ಅವಳು ಮುರಿದಿದ್ದಳು.